ಬೈಕಿಗೆ ಕ್ರ್ಯಾಶ್ ಗಾರ್ಡ್ ಬೇಕಾ? ಕರಾವಳಿ ಮತ್ತು ಘಟ್ಟದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರವಿರಲಿ, ಶಿರಸಿಯಿರಲಿ, ಹೊಸ ಬೈಕ್ ತಗೊಂಡವರಿಗೆ ಶೋರೂಮಿನಲ್ಲೇ ಶುರುವಾಗುವ ಚರ್ಚೆ ಇದು. ಕ್ರ್ಯಾಶ್ ಗಾರ್ಡ್ ಅಂದರೆ ಎಂಜಿನ್ನಿನ ಮುಂದೆ ಎರಡೂ ಮಗ್ಗುಲಿಗೆ ಚಾಚಿದ ಹಾಗೆ ಹಾಕಿಸುವ ಕಬ್ಬಿಣದ ಪೈಪ್. ಅಪ್ಪ ಗಾರ್ಡ್ ಹಾಕಿಸು ಅನ್ನುತ್ತಾರೆ. ಗೆಳೆಯ ಬೇಡ ಮಾರಾಯ ಅನ್ನುತ್ತಾನೆ. ಅಷ್ಟರಲ್ಲಿ ಅಂಗಡಿಯವರು ಅದನ್ನು ಬಿಲ್ಲಿಗೆ ಸೇರಿಸಿ ಆಗಿರುತ್ತದೆ. ಘಟ್ಟ ಹತ್ತಿ ಇಳಿಯುವ ನಮ್ಮ ಕಡೆಯವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲವಕ್ಕೆ ಒಂದೆರಡು ಸಾಲು ಸಾಕು. ಕೆಲವಕ್ಕೆ ಸ್ವಲ್ಪ ಕೂತು ಓದಬೇಕು.

ನೇರವಾಗಿ ಹೇಳಿ. ಗಾರ್ಡ್ ಸವಾರನನ್ನು ಕಾಪಾಡುತ್ತದಾ?

ಬೈಕನ್ನು ಕಾಪಾಡುತ್ತದೆ. ಸವಾರನನ್ನು ಕಾಪಾಡುವುದು ಬಹಳ ಕಡಿಮೆ. ನಿಧಾನಕ್ಕೆ ಹೋಗುವಾಗ ಜಾರಿ ಬಿದ್ದರೆ ಪಾದ ಬೈಕಿನಡಿ ಸಿಗದ ಹಾಗೆ ತಡೆಯಬಹುದು. ಜೋರಾಗಿ ಗುದ್ದಿದಾಗ ಅದನ್ನು ನಂಬಿ ಕೂರುವ ಹಾಗಿಲ್ಲ. ಬೈಕ್ ಅಪಘಾತದಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಕಾಲಿಗೆ, ನಿಜ. ಆದರೆ ಜೀವ ಹೋಗುವುದು ತಲೆಗೆ, ಎದೆಗೆ, ಹೊಟ್ಟೆಗೆ ಬಿದ್ದ ಪೆಟ್ಟಿನಿಂದ. ಗಾರ್ಡ್ ಇರುವುದು ಮೊಣಕಾಲಿನಿಂದ ಕೆಳಗೆ.

ಇದನ್ನು ಯಾರಾದರೂ ಸರಿಯಾಗಿ ನೋಡಿದ್ದಾರಾ, ಅಥವಾ ಸುಮ್ನೆ ಹೇಳುವ ಮಾತಾ?

ನೋಡಿದ್ದಾರೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ಜೊತೆಗೆ 3,600 ಪೊಲೀಸ್ ವರದಿಗಳನ್ನೂ ಓದಿತ್ತು. 1981ರಲ್ಲಿ ಬಂದ ಆ ವರದಿಯನ್ನು ಎಲ್ಲರೂ ‘ಹರ್ಟ್ ರಿಪೋರ್ಟ್’ ಅಂತಲೇ ಕರೆಯುತ್ತಾರೆ. ಕ್ರ್ಯಾಶ್ ಬಾರ್, ಅಂದರೆ ಇದೇ ಗಾರ್ಡ್ ಬಗ್ಗೆ ಅದರ ತೀರ್ಮಾನ ಖಡಕ್ಕಾಗಿದೆ: ಪಾದ ಮತ್ತು ಪಾದದ ಗಂಟಿಗೆ ಆಗುವ ಗಾಯ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಮೊಣಕಾಲು, ತೊಡೆ ಮತ್ತು ಮೊಣಕಾಲ ಕೆಳಗಿನ ಮೂಳೆಗೆ ಆಗುವ ಗಾಯ ಅಷ್ಟೇ ಹೆಚ್ಚಾಗುತ್ತದೆ. ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಹೋಯಿತು. ಒಟ್ಟು ಲಾಭ ಸೊನ್ನೆ.

ಯಾಕೆ ಹೀಗೆ? ಗಾರ್ಡ್ ಇರುವುದು ನಿಮ್ಮ ಕಾಲಿನ ಮುಂದೆ. ಬೈಕ್ ಎದುರಿನ ವಸ್ತುವಿಗೆ ಬಡಿದು ನಿಂತಾಗ ಬೈಕ್ ಮಾತ್ರ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ದೇಹ ಮುಂದಕ್ಕೆ ಹಾರುತ್ತದೆ. ಆಗ ದಾರಿಯಲ್ಲಿ ಸಿಗುವ ಮೊದಲ ಕಬ್ಬಿಣದ ಪೈಪೇ ಈ ಗಾರ್ಡ್.

ಆ ಕಾಲದ ಅಮೆರಿಕದ ಬೈಕ್ ಬೇರೆ, ನಮ್ಮ ನೂರು-ನೂರಿಪ್ಪತ್ತೈದು ಸಿಸಿ ಬೈಕ್ ಬೇರೆ ಅನ್ನುವ ವಾದ ಇದೆ. ಒಪ್ಪೋಣ. ಆದರೆ ಅದೇ ವರದಿಯಲ್ಲಿ ಗುದ್ದುವ ಹೊತ್ತಿನ ವೇಗದ ಮಧ್ಯದ ಲೆಕ್ಕ ಗಂಟೆಗೆ 21.5 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್. ನಮ್ಮೂರಿನ ಸ್ಪ್ಲೆಂಡರ್ ಕೂಡ ಆರಾಮಾಗಿ ಹೋಗುವ ವೇಗ ಅದು.

ನನ್ನ ಅಣ್ಣ ಬಿದ್ದಾಗ ಗಾರ್ಡ್ ಇದ್ದದ್ದಕ್ಕೇ ಕಾಲು ಉಳಿಯಿತು. ಅದು ಸುಳ್ಳಾ?

ಸುಳ್ಳಲ್ಲ. ಅವರು ಬಿದ್ದ ರೀತಿ ಹಾಗಿರುತ್ತದೆ ಅಷ್ಟೇ.

ನಮ್ಮ ಕಡೆ ಜಾಸ್ತಿ ಜನ ಬೀಳುವುದು ಗುದ್ದಿ ಅಲ್ಲ, ಜಾರಿ. ಮೀನು ಲಾರಿಯಿಂದ ಸುರಿದ ನೀರು ಹೆದ್ದಾರಿ ತಿರುವಿನಲ್ಲಿ ಎಣ್ಣೆಯಂತೆ ಹರಡಿರುತ್ತದೆ. ಮೊದಲ ಮಳೆಗೆ ಟಾರು ರಸ್ತೆ ಸೋಪು ಹಚ್ಚಿದ ಹಾಗೆ ಆಗುತ್ತದೆ. ಆಷಾಢ ಬಂತೆಂದರೆ ಘಟ್ಟದ ನೆರಳಿನ ತಿರುವುಗಳಲ್ಲಿ ಪಾಚಿ. ತೋಟದ ಇಳಿಜಾರಿನಲ್ಲಿ ಕೆಂಪು ಮಣ್ಣಿನ ಕೆಸರು. ಇಂಥ ಕಡೆ ಇಪ್ಪತ್ತು-ಇಪ್ಪತ್ತೈದರ ವೇಗದಲ್ಲಿ ಮುಂದಿನ ಚಕ್ರ ಜಾರುತ್ತದೆ, ಬೈಕ್ ಒಂದು ಮಗ್ಗುಲಿಗೆ ಮಲಗುತ್ತದೆ. ಆಗ ಗಾರ್ಡ್ ನೆಲಕ್ಕೂ ಎಂಜಿನ್ನಿಗೂ ನಡುವೆ ಒಂದಿಷ್ಟು ಜಾಗ ಬಿಡುತ್ತದೆ. ಆ ಜಾಗದಲ್ಲಿ ಪಾದ ಉಳಿಯುತ್ತದೆ. ಕ್ಲಾಸಿಕ್ 350 ಸುಮಾರು 195 ಕಿಲೋ ತೂಗುತ್ತದೆ. ಅಷ್ಟು ಭಾರ ಪಾದದ ಗಂಟಿನ ಮೇಲೆ ಕೂರುವುದೂ ಪಕ್ಕದಲ್ಲಿ ಕೂರುವುದೂ ಒಂದೇ ಅಲ್ಲವಲ್ಲ.

ಹಾಗಾಗಿ ಅಣ್ಣನ ಮಾತನ್ನು ನಂಬಿ. ಆದರೆ ಅದರಿಂದ ‘ಗಾರ್ಡ್ ಇದ್ದರೆ ಏನೂ ಆಗಲ್ಲ’ ಅನ್ನುವಲ್ಲಿಗೆ ಹೋಗಬೇಡಿ. ಎದುರಿನಿಂದ ಬಸ್ಸು ಬಂದಾಗ ಗಾರ್ಡ್ ಏನು ಮಾಡಿತು ಅಂತ ಹೇಳಲು ಅನೇಕರು ಉಳಿದಿರುವುದಿಲ್ಲ. ಉಳಿದವರ ಕತೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

ಪಕ್ಕದಿಂದ ಕಾರು ಬಂದು ಗುದ್ದಿದರೆ? ಆಗಲಾದರೂ ತಡೆಯುತ್ತದಾ?

ಇಲ್ಲಿಯೇ ಗಾರ್ಡ್ ಅತಿ ಹೆಚ್ಚು ಮೋಸ ಮಾಡುವುದು. ಕಾರಿನ ಬಂಪರ್ ಬರುವುದು ನಿಮ್ಮ ಮೊಣಕಾಲ ಎತ್ತರಕ್ಕೆ. ಗಾರ್ಡಿನ ಪೈಪ್ ಗಟ್ಟಿಯಿದ್ದು, ಪೆಟ್ಟು ಸಣ್ಣದಿದ್ದರೆ ತಡೆದೀತು. ಪೆಟ್ಟು ದೊಡ್ಡದಿದ್ದರೆ ಪೈಪ್ ಹಿಂದಕ್ಕೆ ಬಾಗುತ್ತದೆ. ಹಿಂದೆ ಇರುವುದು ನಿಮ್ಮ ಕಾಲು. ಪೈಪಿಗೂ ಎಂಜಿನ್ನಿಗೂ ನಡುವೆ ಕಾಲು ಸಿಕ್ಕಿಕೊಂಡರೆ ಬೈಕಿನ ಜೊತೆಗೇ ಎಳೆದುಕೊಂಡು ಹೋಗುತ್ತೀರಿ. ಬೈಕಿನಿಂದ ಬೇರೆಯಾಗಿ ಬಿದ್ದಿದ್ದರೆ ಬರೀ ತರಚುಗಾಯ ಆಗುತ್ತಿತ್ತೋ ಏನೋ.

ಇನ್ನೊಂದು ತರಲೆ ಇದೆ. ಅಗಲವಾದ ಗಾರ್ಡ್ ಬೇರೆಯವರ ವಾಹನಕ್ಕೆ ಸಿಕ್ಕಿಕೊಳ್ಳುತ್ತದೆ. ಜಾತ್ರೆ ಹೊತ್ತಿನ ಶಿರಸಿ ಪೇಟೆ ನೆನಪಿಸಿಕೊಳ್ಳಿ. ಎರಡು ಬೈಕಿನ ಗಾರ್ಡ್ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡರೆ ಇಬ್ಬರೂ ನೆಲಕ್ಕೆ. ತದಡಿ–ಅಘನಾಶಿನಿ ಬೋಟಿನಲ್ಲಿ ಬೈಕ್ ಸಾಲಾಗಿ ನಿಲ್ಲಿಸುವಾಗಲೂ ಅಗಲ ಗಾರ್ಡಿನವರನ್ನು ಕಂಡರೆ ಉಳಿದವರಿಗೆ ಸಿಟ್ಟು ಬರುತ್ತದೆ. ಅದು ನ್ಯಾಯವೇ.

ವೇಗ ಹೆಚ್ಚಾದ ಹಾಗೆ ಗಾರ್ಡ್ ಯಾಕೆ ಕೈಕೊಡುತ್ತದೆ?

ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಗುದ್ದುವುದು ಸುಮಾರು ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಒಂದು ಮಾಳಿಗೆಯಿಂದ ಬಿದ್ದ ಹಾಗೆ. 60ರಲ್ಲಿ ಗುದ್ದುವುದು 14 ಮೀಟರ್ ಎತ್ತರದಿಂದ, ನಾಲ್ಕು ಮಾಳಿಗೆಯಿಂದ ಬಿದ್ದ ಹಾಗೆ. ಎರಡು ಬೋಲ್ಟಿನಲ್ಲಿ ನಿಂತ ಒಂದು ಪೈಪ್ ಇಷ್ಟನ್ನು ತಡೆಯುತ್ತದಾ, ನೀವೇ ಹೇಳಿ. ಮಾಜಾಳಿಯಿಂದ ಭಟ್ಕಳದವರೆಗೆ ಚತುಷ್ಪಥ ಬಂದ ಮೇಲೆ ನಮ್ಮ ಬೈಕುಗಳ ವೇಗವೂ ಏರಿದೆ. ಗಾರ್ಡ್ ಮಾತ್ರ ಹಳೆಯದೇ.

ರಾತ್ರಿ ಹೆದ್ದಾರಿಯಲ್ಲಿ ದನ ಅಡ್ಡ ಬಂದರೆ?

ಮೊದಲು ತಾಗುವುದು ಮುಂದಿನ ಚಕ್ರ ಮತ್ತು ಹ್ಯಾಂಡಲ್. ಗಾರ್ಡಿಗೆ ಅಲ್ಲಿ ಕೆಲಸವೇ ಇಲ್ಲ. ಹೆಡ್‌ಲೈಟ್ ಗಾಜು ಒರೆಸಿಕೊಳ್ಳಿ, ಮಲಗಿದ ದನ ಕಾಣುವಷ್ಟು ನಿಧಾನಕ್ಕೆ ಹೋಗಿ.

ಅಪಘಾತ ತಪ್ಪಿಸಲಾಗದಿದ್ದರೆ ಬೇಕಂತಲೇ ಬೈಕ್ ಮಲಗಿಸಿಬಿಡಬೇಕು, ಗಾರ್ಡ್ ನೋಡಿಕೊಳ್ಳುತ್ತದೆ ಅಂತಾರಲ್ಲ?

ದಯವಿಟ್ಟು ಈ ಮಾತನ್ನು ಯಾರಿಗೂ ಕಲಿಸಬೇಡಿ. ರಬ್ಬರ್ ಟೈರ್ ಟಾರನ್ನು ಹಿಡಿಯುತ್ತದೆ. ಕಬ್ಬಿಣ ಜಾರುತ್ತದೆ. ಒಳ್ಳೆಯ ಟೈರಿನ ಬೈಕ್ ಒಣ ರಸ್ತೆಯಲ್ಲಿ 60ರಿಂದ ಸರಿಯಾಗಿ ಬ್ರೇಕ್ ಹಾಕಿದರೆ ಸುಮಾರು 20 ಮೀಟರಿನಲ್ಲಿ ನಿಲ್ಲಬಲ್ಲದು. ಬ್ರೇಕ್ ಹಿಡಿಯಬೇಕು ಅಂತ ತಲೆಗೆ ಹೊಳೆಯುವಷ್ಟರಲ್ಲಿ ಹೋಗುವ ದೂರ ಬೇರೆ. ಅದೇ ಬೈಕ್ ಗಾರ್ಡಿನ ಮೇಲೆ ಮಲಗಿ ಜಾರಿದರೆ ಅದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಅರಬೈಲ್ ಘಟ್ಟದಲ್ಲಿ ಹಾಗೆ ಜಾರಿದರೆ ಒಂದು ಕಡೆ ಎದುರಿನ ಲಾರಿ, ಇನ್ನೊಂದು ಕಡೆ ಕಣಿವೆ. ಕೊನೆ ಕ್ಷಣದವರೆಗೂ ಬೈಕ್ ನೆಟ್ಟಗಿಟ್ಟು ಬ್ರೇಕ್ ಹಿಡಿಯಿರಿ. ಗುದ್ದಿದರೂ ಕಡಿಮೆ ವೇಗದಲ್ಲಿ ಗುದ್ದುತ್ತೀರಿ.

ಮಲಗಿದ ಬೈಕಿನ ಗಾರ್ಡ್ ರಸ್ತೆ ಅಂಚಿನ ಚಿರೆಕಲ್ಲಿಗೋ ಡಿವೈಡರಿಗೋ ಸಿಕ್ಕಿದರೆ ಇನ್ನೊಂದು ಅಪಾಯ. ಜಾರುತ್ತಿದ್ದ ಬೈಕ್ ಒಮ್ಮೆಲೇ ಪಲ್ಟಿ ಹೊಡೆಯುತ್ತದೆ. ಅದು ಯಾರ ಮೇಲೆ ಬೀಳುತ್ತದೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು.

ಹಾಗಾದರೆ ಗಾರ್ಡ್ ಬೇಡವೇ ಬೇಡ ಅಂತೀರಾ?

ಹಾಗಲ್ಲ. ನಮ್ಮ ಜಿಲ್ಲೆಯಲ್ಲಿ ಬೈಕನ್ನು ಕಾಪಾಡುವುದೂ ಸಣ್ಣ ವಿಷಯವಲ್ಲ.

ಅಣಶಿ ಘಟ್ಟದಲ್ಲಿ ನಿಂತಲ್ಲೇ ಬೈಕ್ ವಾಲಿ ಬಿತ್ತು ಅಂತ ಇಟ್ಟುಕೊಳ್ಳಿ. ನಿಮಗೆ ಏನೂ ಆಗಿಲ್ಲ. ಆದರೆ ಗೇರ್ ಲಿವರ್ ಮುರಿದಿದೆ, ಅಥವಾ ಎಂಜಿನ್ ಕವರಿಗೆ ಕಲ್ಲು ಬಡಿದು ಆಯಿಲ್ ಸೋರುತ್ತಿದೆ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಮಳೆ ಬೇರೆ. ಕತ್ತಲಾಗುತ್ತಿದೆ. ಆಗ ಗೊತ್ತಾಗುತ್ತದೆ ಒಂದು ಪೈಪಿನ ಬೆಲೆ. ದೇವಿಮನೆ ಘಟ್ಟ, ಯಾಣದ ಕಡೆಯ ವಡ್ಡಿ ಘಟ್ಟ, ಸಿದ್ದಾಪುರದಿಂದ ಕುಮಟಾಕ್ಕೆ ಇಳಿಯುವ ದೊಡ್ಮನೆ ಘಟ್ಟ, ಎಲ್ಲಾ ಕಡೆ ಇದೇ ಮಾತು. ಬೈಕ್ ಓಡುವ ಸ್ಥಿತಿಯಲ್ಲಿ ಉಳಿದರೆ ನೀವು ಮನೆ ಸೇರುತ್ತೀರಿ. ಇದೂ ಒಂದು ಬಗೆಯ ಸುರಕ್ಷತೆಯೇ. ಆದರೆ ಗಾರ್ಡ್ ಮಾರುವವರು ಹೇಳುವ ಸುರಕ್ಷತೆ ಇದಲ್ಲ.

ಭಾರದ ಬೈಕ್ ಇರುವವರು, ಈಗಷ್ಟೇ ಕಲಿಯುತ್ತಿರುವವರು, ದಿನಾ ಮಣ್ಣಿನ ರಸ್ತೆಯಲ್ಲಿ ತೋಟಕ್ಕೆ ಓಡಾಡುವವರು ಹಾಕಿಸಿಕೊಳ್ಳಲಿ. ಕಾರವಾರ ಪೇಟೆಯೊಳಗೆ ಆಫೀಸಿಗೆ ಹೋಗಿಬರುವ ಹಗುರ ಬೈಕಿಗೆ ಅಂಥ ಅಗತ್ಯ ನನಗಂತೂ ಕಾಣುವುದಿಲ್ಲ.

ಗಾರ್ಡ್ ಹಾಕಿಸಿದರೆ ಪೊಲೀಸರು ದಂಡ ಹಾಕುತ್ತಾರಾ? ಕಾನೂನು ಏನು ಹೇಳುತ್ತದೆ?

2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳಿಗೆ ಅನುಮತಿಯಿಲ್ಲದೆ ಹಾಕಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಲು ಹೇಳಿತು. ಆಗ ಹೆಚ್ಚು ಸದ್ದು ಮಾಡಿದ್ದು ಕಾರು, ಜೀಪುಗಳ ಮುಂದಿನ ಕಬ್ಬಿಣದ ಚೌಕಟ್ಟು. ಅದು ಪಾದಚಾರಿಗಳನ್ನು ಕೊಲ್ಲುತ್ತದೆ, ಏರ್‌ಬ್ಯಾಗ್ ಕೆಲಸವನ್ನೂ ಕೆಡಿಸುತ್ತದೆ.

ಬೈಕಿಗೂ ಅನ್ವಯವಾಗುವ ಮೂಲ ಕಾನೂನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿ ಕೊಟ್ಟ ವಿವರಕ್ಕೆ ಹೊರತಾಗಿ ವಾಹನವನ್ನು ಬದಲಾಯಿಸುವ ಹಾಗಿಲ್ಲ ಅನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ನಿಯಮ ಮೀರಿ ವಾಹನ ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಾಗಂತ ಗಾರ್ಡ್ ಇದ್ದ ಬೈಕನ್ನೆಲ್ಲ ಹಿಡಿಯುತ್ತಾ ಕೂತರೆ ಕೆಎ-30, ಕೆಎ-31 ನಂಬರಿನ ಅರ್ಧ ಬೈಕ್ ಠಾಣೆ ಮುಂದೆ ನಿಲ್ಲಬೇಕಾದೀತು. ಬೈಕ್ ಕಂಪನಿಗಳೇ ತಮ್ಮ ಹೆಸರಿನಲ್ಲಿ ಗಾರ್ಡ್ ಮಾರುತ್ತವೆ. ಕಂಪನಿಯ ಗಾರ್ಡನ್ನು ಕಂಪನಿಯ ಶೋರೂಮಿನಲ್ಲೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ, ಹ್ಯಾಂಡಲಿಗಿಂತ ಅಗಲದ, ಚೂಪು ತುದಿಯ ಗಾರ್ಡ್ ಆದರೆ ನಿಮ್ಮ ಪರವಾಗಿ ಹೇಳಲು ಏನೂ ಇರುವುದಿಲ್ಲ.

ವಿಮೆ?

ಗಾರ್ಡ್ ಪಾಲಿಸಿಯಲ್ಲಿ ಸೇರಿಲ್ಲದಿದ್ದರೆ ಅದರ ಹಾನಿಗೆ ದುಡ್ಡು ಕೇಳಬೇಡಿ. ಹೊಸ ಬೈಕ್ ತಗೊಳ್ಳುವಾಗಲೇ ಸೇರಿಸಲು ಹೇಳಿ.

ಗಾರ್ಡ್ ಅಷ್ಟು ಒಳ್ಳೆಯದಾಗಿದ್ದರೆ ಕಂಪನಿಗಳು ಎಲ್ಲ ಬೈಕಿಗೂ ಕೊಡುತ್ತಿದ್ದವು ಅಲ್ವಾ?

ಒಳ್ಳೆಯ ಪ್ರಶ್ನೆ. 1980ರ ದಶಕದಲ್ಲಿ ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯ ಕಾಲಿಗೆಂದೇ ವಿಶೇಷ ರಕ್ಷಣೆ ಮಾಡಿ ಪರೀಕ್ಷಿಸಿತ್ತು. ಅದು ಬರೀ ಪೈಪ್ ಅಲ್ಲ, ಪೆಟ್ಟು ಹೀರಿಕೊಳ್ಳುವ ದಪ್ಪ ಕವಚ. ಅದನ್ನು ಕಡ್ಡಾಯ ಮಾಡುವ ಮಾತೂ ಬಂತು. ಬೈಕ್ ಕಂಪನಿಗಳು ಒಪ್ಪಲಿಲ್ಲ. ಕಾಲನ್ನು ಹಿಡಿದಿಟ್ಟರೆ ದೇಹ ಹಾರುವ ದಾರಿ ಬದಲಾಗುತ್ತದೆ, ತಲೆ ಇನ್ನೂ ಜೋರಾಗಿ ಬಡಿಯಬಹುದು ಅನ್ನುವುದು ಅವರ ವಾದ. ಜಗಳ ವರ್ಷಗಟ್ಟಲೆ ನಡೆದು, ಕಡ್ಡಾಯದ ಮಾತು ಅಲ್ಲಿಗೇ ನಿಂತಿತು.

ಆ ಜಗಳದಿಂದ ಒಂದು ಒಳ್ಳೆಯದಾಯಿತು. 1996ರಲ್ಲಿ ಐಎಸ್‌ಒ 13232 ಅನ್ನುವ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಬಂತು. ಬೈಕಿಗೆ ಹಾಕುವ ಯಾವುದೇ ರಕ್ಷಣಾ ಸಾಧನ ಕಾಲು ಉಳಿಸಿತೇ ಅಂತ ಮಾತ್ರ ಅದು ನೋಡುವುದಿಲ್ಲ. ಬೇರೆ ಬೇರೆ ಕೋನದ ಅಪಘಾತಗಳಲ್ಲಿ ಆ ಸಾಧನದಿಂದ ಎಷ್ಟು ಲಾಭ, ಎಷ್ಟು ಹೊಸ ಹಾನಿ ಅಂತ ಎರಡನ್ನೂ ತೂಗುತ್ತದೆ. ಅಂಗಡಿಯಲ್ಲಿ ಹೊಳೆಯುವ ಗಾರ್ಡ್ ತೋರಿಸಿದಾಗ ನೀವೂ ಇದೇ ಪ್ರಶ್ನೆ ಕೇಳಬಹುದು. ಉತ್ತರ ಸಿಗಲಿಕ್ಕಿಲ್ಲ.

ಹಾಕಿಸುವುದೇ ಆದರೆ ಎಂಥದ್ದು ಹಾಕಿಸಲಿ?

ನಿಮ್ಮ ಬೈಕಿನ ಮಾಡೆಲ್ಲಿಗೇ ಮಾಡಿದ್ದಾಗಿರಲಿ. ‘ಎಲ್ಲದಕ್ಕೂ ಕೂರುತ್ತೆ ಸಾರ್’ ಅಂದರೆ ಬೇಡ ಅನ್ನಿ. ಅಂಥವು ಸಾಮಾನ್ಯವಾಗಿ ಕ್ಲಾಂಪಿನಲ್ಲಿ ನಿಂತಿರುತ್ತವೆ. ಹೊಂಡಕ್ಕೆ ಇಳಿದು ಎದ್ದಾಗೆಲ್ಲ ಸ್ವಲ್ಪ ಸ್ವಲ್ಪ ತಿರುಗುತ್ತವೆ.

ಮುಖ್ಯವಾಗಿ ನೋಡಬೇಕಾದ್ದು ಅದು ಎಲ್ಲಿ ಕೂತಿದೆ ಅನ್ನುವುದನ್ನು. ಒಂದೇ ಕಡೆ ಬೋಲ್ಟ್ ಹಾಕಿದ್ದರೆ ಬಿದ್ದಾಗ ಆ ಪೈಪೇ ಸನ್ನೆಗೋಲಾಗಿ ಫ್ರೇಮನ್ನು ಬಗ್ಗಿಸುತ್ತದೆ. ಮೇಲೆ-ಕೆಳಗೆ ಎರಡು ಕಡೆ, ಎಡ-ಬಲ ಎರಡೂ ಮಗ್ಗುಲು ಹಿಡಿತ ಇರಬೇಕು. ಎಂಜಿನ್ ಕೂರಿಸುವ ಬೋಲ್ಟಿಗೇ ಸಿಕ್ಕಿಸುವ ಗಾರ್ಡ್ ಆದರೆ ಕಂಪನಿ ಹೇಳಿದಷ್ಟೇ ಬಿಗಿ ಮಾಡಬೇಕು. ಗಾರ್ಡ್ ಗಟ್ಟಿ, ಫ್ರೇಮ್ ಸೀಳು ಅನ್ನುವ ಪರಿಸ್ಥಿತಿ ಯಾರಿಗೂ ಬೇಡ. ಬೀಳುವಾಗ ಸ್ವಲ್ಪ ಬಗ್ಗುವ ಪೈಪೇ ಮೇಲು.

ಅಗಲ ಹ್ಯಾಂಡಲಿಗಿಂತ ಒಳಗೇ ಇರಲಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಮುಂದಿನ ಶಾಕ್ ಪೂರ್ತಿ ಒತ್ತಿ ನೋಡಿ. ಚಕ್ರವೋ ಮಡ್‌ಗಾರ್ಡೋ ತಾಗಬಾರದು. ಬೈಕ್ ವಾಲಿಸಿದಾಗ ಗಾರ್ಡ್ ಫುಟ್‌ರೆಸ್ಟಿಗಿಂತ ಮೊದಲು ನೆಲ ಮುಟ್ಟಬಾರದು. ಘಟ್ಟದ ಹೇರ್‌ಪಿನ್ ತಿರುವಿನಲ್ಲಿ ಗಾರ್ಡ್ ನೆಲಕ್ಕೆ ತಾಗಿದರೆ ಅದೇ ನಿಮ್ಮನ್ನು ಬೀಳಿಸುತ್ತದೆ. ಇನ್ನು ಬಣ್ಣ, ಆಕಾರ ನಿಮ್ಮಿಷ್ಟ.

ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದುಡ್ಡಿಗೆ ಮಾಡಿಕೊಡುತ್ತಾರೆ.

ಗೇಟು, ಕಿಟಕಿ ಸರಳು ಅವರ ಹತ್ತಿರ ಮಾಡಿಸಿ. ಗಾರ್ಡ್ ಬೇಡ. ಬೈಕಿನ ಫ್ರೇಮಿಗೆ ನೇರ ವೆಲ್ಡ್ ಮಾಡಿಸುವುದಂತೂ ಬೇಡವೇ ಬೇಡ. ಬಿಸಿ ತಾಗಿದ ಜಾಗದಲ್ಲಿ ಫ್ರೇಮಿನ ಬಲ ಕಡಿಮೆಯಾಗುತ್ತದೆ.

ಕರಾವಳಿಯಲ್ಲಿ ಗಾರ್ಡ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಏನು ಮಾಡಲಿ?

ಬೈತಖೋಲ್, ಬಿಣಗಾ, ಗೋಕರ್ಣದ ಕಡೆಯವರಿಗೆ ಇದು ಹೊಸದಲ್ಲ. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಉಜ್ಜಿ ಬಣ್ಣ ಹೊಡೆಯಬಹುದು. ಒಳಗಿನದು ಕಾಣುವುದಿಲ್ಲ. ಟೊಳ್ಳು ಪೈಪಿನೊಳಗೆ ನೀರು ಸೇರಿ ನಿಂತರೆ ಒಳಗಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಪಳಪಳ, ಒಳಗೆ ಕಾಗದ. ಬಿದ್ದ ದಿನ ಮುರಿದು ಚೂರಿಯಾಗುತ್ತದೆ. ಪೈಪಿನ ಕೆಳತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು ಇದೆಯಾ ನೋಡಿ. ಸಮುದ್ರದ ದಂಡೆಗೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆಯಿರಿ. ವೆಲ್ಡ್ ಮಾಡಿದ ಜಾಗ ಮತ್ತು ಬೋಲ್ಟಿನ ಸುತ್ತ ಸ್ವಲ್ಪ ಎಣ್ಣೆ ಒರೆಸಿ. ಸ್ಟೇನ್‌ಲೆಸ್ ಸ್ಟೀಲಿನ ಗಾರ್ಡ್ ತುಕ್ಕು ಹಿಡಿಯುವುದು ಕಡಿಮೆ. ಆದರೆ ತೆಳು ಪೈಪಿನದು ತಗೊಂಡರೆ ಬರೀ ಚಂದಕ್ಕೆ.

ಗಾರ್ಡಿಗೆ ಎಲ್‌ಇಡಿ ಲೈಟ್ ಹಾಕಿಸಬಹುದಾ? ಘಟ್ಟದಲ್ಲಿ ಮಂಜು ಇರುತ್ತದೆ.

ಎದುರಿನವನ ಕಣ್ಣು ಕುರುಡಾದರೆ ಅವನು ಬಂದು ಗುದ್ದುವುದು ನಿಮಗೇ. ದಟ್ಟ ಮಂಜಿನಲ್ಲಿ ಬೆಳ್ಳನೆ ಜೋರು ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಲೋ ಬೀಮ್ ಹಾಕಿಕೊಂಡು ನಿಧಾನಕ್ಕೆ ಹೋಗಿ.

ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಗಾರ್ಡಿಗೆ ಕಟ್ಟಿಕೊಂಡು ಹೋಗುವುದು ತಪ್ಪಾ? ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ನಿಜ ಹೇಳಬೇಕೆಂದರೆ ಹಳ್ಳಿ ಕಡೆ ಅರ್ಧ ಜನ ಗಾರ್ಡ್ ಹಾಕಿಸುವುದೇ ಸಾಮಾನು ಕಟ್ಟಲಿಕ್ಕೆ. ತುಂಬಿದ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್, ಜೊತೆಗೆ ಸಿಲಿಂಡರಿನದೇ ತೂಕ, ಒಟ್ಟು ಮೂವತ್ತು ಕಿಲೋ ಹತ್ತಿರ. ಅದನ್ನು ಒಂದು ಮಗ್ಗುಲಿಗೆ ಕಟ್ಟಿದರೆ ತಿರುವಿನಲ್ಲಿ ಬೈಕ್ ಆ ಕಡೆಗೇ ಎಳೆಯುತ್ತದೆ. ಕಾಲು ಕೆಳಗಿಡಲು ಜಾಗವಿಲ್ಲ. ಬಿದ್ದರೆ ಕಾಲಿಗೆ ಗಾರ್ಡಿನ ರಕ್ಷಣೆ ಇರಲಿ, ಸಿಲಿಂಡರಿನ ಪೆಟ್ಟೂ ಸೇರಿತು. ಸಣ್ಣ ಹಾಲಿನ ಕ್ಯಾನು ಅಷ್ಟು ಭಾರವಲ್ಲ, ಆದರೆ ಅರ್ಧ ತುಂಬಿದ್ದರೆ ತುಳುಕುತ್ತಾ ಹ್ಯಾಂಡಲ್ ಅಲ್ಲಾಡಿಸುತ್ತದೆ. ಹಿಂದೆ ಕ್ಯಾರಿಯರ್ ಮಾಡಿಸಿಕೊಳ್ಳಿ.

ಉದ್ದ ಪ್ರಯಾಣದಲ್ಲಿ ಕಾಲನ್ನು ಗಾರ್ಡಿನ ಮೇಲೆ ಚಾಚಿ ಇಡುತ್ತೇನೆ. ಆರಾಮಾಗುತ್ತದೆ.

ಆರಾಮೇನೋ ಹೌದು. ಆದರೆ ಹಿಂದಿನ ಬ್ರೇಕ್ ಪೆಡಲಿನಿಂದ ಕಾಲು ದೂರವಾಯಿತು. ಬಿದ್ದರೆ ಮೊದಲು ಮುರಿಯುವುದು ಹಾಗೆ ಚಾಚಿದ ಕಾಲೇ. ಅಂಕೋಲಾದಲ್ಲೋ ಹೊನ್ನಾವರದಲ್ಲೋ ನಿಲ್ಲಿಸಿ ಚಾ ಕುಡಿದು ಹೊರಡಿ.

ಹಿಂದೆ ಕೂರುವವರಿಗೆ ಈ ಗಾರ್ಡಿನಿಂದ ಪ್ರಯೋಜನ ಇದೆಯಾ?

ಮುಂದಿನ ಗಾರ್ಡಿನಿಂದ ಇಲ್ಲ. ಅವರಿಗೆ ಬೇಕಾದ್ದು ಹಿಂದಿನ ಸೀರೆ ಗಾರ್ಡ್. ಇದು ಚಂದಕ್ಕೆ ಇರುವುದಲ್ಲ. ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಾಗದಂತೆ ಮುಚ್ಚುವ ರಕ್ಷಣೆ, ಹಿಂಬದಿ ಸವಾರರಿಗೆ ಕೈಹಿಡಿಕೆ, ಫುಟ್‌ರೆಸ್ಟ್, ಇವು ಮೂರೂ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಇರಲೇಬೇಕು. ಸ್ಟೈಲ್ ಕಡಿಮೆಯಾಗುತ್ತದೆ ಅಂತ ಹೊಸ ಬೈಕಿನ ಸೀರೆ ಗಾರ್ಡ್ ಬಿಚ್ಚಿಸಿ, ಅದೇ ದಿನ ಮುಂದೆ ದಪ್ಪ ಕ್ರ್ಯಾಶ್ ಗಾರ್ಡ್ ಹಾಕಿಸುವ ಹುಡುಗರನ್ನು ಕಂಡರೆ ನಗು ಬರುತ್ತದೆ. ಅವಶ್ಯ ಇದ್ದದ್ದು ಹೋಯಿತು, ಅನುಮಾನ ಇದ್ದದ್ದು ಬಂತು. ಅಮ್ಮ ಸೀರೆ ಉಟ್ಟು, ಒಂದೇ ಮಗ್ಗುಲಿಗೆ ಕಾಲು ಹಾಕಿ ಕೂರುವ ಮನೆಯಲ್ಲಂತೂ ಅದನ್ನು ಮುಟ್ಟಲೇಬೇಡಿ. ಸೆರಗು, ದುಪಟ್ಟಾ, ಮಳೆಯ ರೇನ್‌ಕೋಟಿನ ತುದಿ, ಎಲ್ಲವನ್ನೂ ಒಳಗೆ ಸೇರಿಸಿಕೊಂಡು ಕೂರಲು ಹೇಳಿ.

ಸ್ಕೂಟರಿಗೆ ಸುತ್ತ ಹಾಕುವ ಸ್ಟೀಲ್ ಗಾರ್ಡ್?

ಅದು ಬಣ್ಣ ಮತ್ತು ಪ್ಲಾಸ್ಟಿಕ್ ಪ್ಯಾನೆಲ್ ಉಳಿಸಲಿಕ್ಕೆ. ಅಷ್ಟಕ್ಕೇ ಬೇಕಾದರೆ ಹಾಕಿಸಿ. ಕಾಲಿಡುವ ಜಾಗದಿಂದ ಹೊರಗೆ ಚಾಚಿರಬಾರದು, ಕಾಲು ಕೆಳಗೆ ಇಡುವಾಗ ಮೀನಗಂಡಕ್ಕೆ ತಾಗಬಾರದು.

ಸ್ಲೈಡರ್ ಅಂತ ಸಣ್ಣ ಉಂಡೆಯಂಥದ್ದು ಬರುತ್ತದಲ್ಲ, ಅದು ಮೇಲಾ?

ಟಾರು ರಸ್ತೆಯಲ್ಲಿ ಜಾರಿದರೆ ಸ್ಲೈಡರ್ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಅಗಲವೂ ಜಾಸ್ತಿಯಾಗುವುದಿಲ್ಲ. ಆದರೆ ನಮ್ಮ ಜಲ್ಲಿ, ಕೆಸರಿನ ಮೇಲೆ ಬಿದ್ದರೆ ನೆಲದಲ್ಲಿ ಹೂತುಹೋಗುತ್ತದೆ, ಅಷ್ಟರಲ್ಲಿ ಲಿವರ್ ಮುರಿದಿರುತ್ತದೆ. ಹೆದ್ದಾರಿಯಲ್ಲೇ ಓಡಾಡುವ ಬೈಕಿಗೆ ಸ್ಲೈಡರ್, ತೋಟಕ್ಕೆ ಹೋಗುವ ಬೈಕಿಗೆ ಗಾರ್ಡ್ ಅಂತ ಬೇಕಾದರೆ ಇಟ್ಟುಕೊಳ್ಳಿ.

ಒಮ್ಮೆ ಬಿದ್ದಿದೆ. ಗಾರ್ಡ್ ಸ್ವಲ್ಪ ಸೊಟ್ಟ ಆಗಿದೆ. ಬಡಿದು ನೆಟ್ಟಗೆ ಮಾಡಿದರೆ ಸಾಕಾ?

ಸಾಲದು. ಬಗ್ಗಿದ ಪೈಪನ್ನು ಮತ್ತೆ ನೆಟ್ಟಗೆ ಮಾಡಿದರೆ ಅದೇ ಜಾಗದಲ್ಲಿ ಮುಂದಿನ ಸಲ ಮುರಿಯುತ್ತದೆ. ಬಿಚ್ಚಿಸಿ. ಬಿಚ್ಚಿದಾಗ ಅದರ ಹಿಂದಿದ್ದ ಫ್ರೇಮಿನ ಕೊಳವೆ, ಎಂಜಿನ್ ಕೂರಿಸಿದ ಕಿವಿಗಳು, ಬೋಲ್ಟಿನ ತೂತು ಇವನ್ನೆಲ್ಲ ಮೆಕ್ಯಾನಿಕ್ ಹತ್ತಿರ ಬೆಳಕಿನಲ್ಲಿ ನೋಡಿಸಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬೈಕ್ ಓಡಿಸಬೇಡಿ. ಹಳೇ ಬೈಕ್ ಕೊಳ್ಳುವವರಿಗೂ ಇದೇ ಮಾತು. ಬೈಕೆಲ್ಲ ಹಳೆಯದಾಗಿ ಗಾರ್ಡ್ ಮಾತ್ರ ಹೊಸದಾಗಿ ಕಂಡರೆ ಯಾಕೆ ಅಂತ ಕೇಳಿ.

ನನ್ನ ಹತ್ತಿರ ಎರಡು-ಮೂರು ಸಾವಿರ ರೂಪಾಯಿ ಇದೆ. ಗಾರ್ಡ್ ಮೊದಲಾ, ಬೇರೆ ಏನಾದರೂ ಮೊದಲಾ?

ಮೊದಲು ಹೆಲ್ಮೆಟ್. ಐಎಸ್ 4151 ಗುರುತು ಇರುವ, ತಲೆಗೆ ಬಿಗಿಯಾಗಿ ಕೂರುವ, ಗಲ್ಲದ ಪಟ್ಟಿ ಹಾಕಿಕೊಳ್ಳುವ ಹೆಲ್ಮೆಟ್. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2008ರ ಕಾಕ್ರೇನ್ ವಿಮರ್ಶೆ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟು, ತಲೆಯ ಗಾಯವನ್ನು ನೂರಕ್ಕೆ 69ರಷ್ಟು ಇಳಿಸುತ್ತದೆ. ಹಿಂದೆ ಕೂರುವವರಿಗೂ ಒಂದು ಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ದ್ವಿಚಕ್ರ ವಾಹನದವರು.

ಹೆಲ್ಮೆಟ್ ಇದ್ದರೆ ಟೈರ್ ನೋಡಿ. ದ್ವಿಚಕ್ರ ವಾಹನದ ಟೈರಿನ ಗೆರೆ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅನ್ನುತ್ತದೆ ನಿಯಮ. ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವುದು ಹುಚ್ಚುತನ. ಜೂನ್ ಬರುವ ಮೊದಲೇ ಬದಲಿಸಿ.

ಆಮೇಲೆ ಪಾದದ ಗಂಟು ಮುಚ್ಚುವ ಬೂಟು. ಗಾರ್ಡ್ ಮಾಡುತ್ತದೆ ಅನ್ನುವ ಕೆಲಸದ ದೊಡ್ಡ ಪಾಲನ್ನು ಇದು ಮಾಡುತ್ತದೆ, ಹೊಸ ಅಪಾಯ ಯಾವುದೂ ತರುವುದಿಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡು ಗಾರ್ಡಿನ ಗಟ್ಟಿತನ ಹೇಳುವವರು ಒಮ್ಮೆ ಕೆಳಗೆ ನೋಡಿಕೊಳ್ಳಲಿ.

ಬೈಕನ್ನೇ ಹೊಸದಾಗಿ ಕೊಳ್ಳುವುದಿದ್ದರೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಇರುವುದನ್ನು ನೋಡಿ. ರಸ್ತೆ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆಯ ಲೆಕ್ಕದಲ್ಲಿ ಎಬಿಎಸ್ ಇದ್ದ ಬೈಕುಗಳಲ್ಲಿ ಸಾವಿನ ಅಪಘಾತ ನೂರಕ್ಕೆ 22ರಷ್ಟು ಕಡಿಮೆ. ನಮ್ಮಲ್ಲಿ 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಬೈಕುಗಳಿಗೆ ಇದು ಕಡ್ಡಾಯ. ಇದೆಲ್ಲ ಆಗಿ ಉಳಿದ ದುಡ್ಡಿದ್ದರೆ ಗಾರ್ಡ್ ಹಾಕಿಸಿ.

ರಸ್ತೆಯಲ್ಲಿ ಯಾರದೋ ಕಾಲು ಗಾರ್ಡಿಗೆ ಸಿಕ್ಕಿಕೊಂಡಿದೆ. ನಾವು ಏನು ಮಾಡಬೇಕು?

ಮೊದಲು ಬೈಕಿನ ಕೀ ಆಫ್ ಮಾಡಿ. ಪೆಟ್ರೋಲ್ ಸೋರುತ್ತಿದ್ದರೆ ಬೀಡಿ-ಸಿಗರೇಟಿನವರನ್ನು ದೂರ ಕಳಿಸಿ. ಒಬ್ಬರು ತಿರುವಿನ ಆಚೆ ನಿಂತು ಬರುವ ವಾಹನ ತಡೆಯಲಿ. ಮನುಷ್ಯನನ್ನು ಎಳೆಯಬೇಡಿ. ಮೂರ್ನಾಲ್ಕು ಜನ ಸೇರಿ ಬೈಕನ್ನು ಎತ್ತಿ. ಪೈಪ್ ಬಗ್ಗಿ ಕಾಲನ್ನು ಕಚ್ಚಿಕೊಂಡಿದ್ದರೆ ಬಲವಂತ ಮಾಡದೆ ಗ್ಯಾರೇಜಿನವರನ್ನು ಕರೆಸಿ, ಬೋಲ್ಟ್ ಬಿಚ್ಚಿಸಿ. ರಕ್ತ ಹೋಗುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ಮುರಿದ ಕಾಲನ್ನು ಇದ್ದ ಹಾಗೇ ಇಟ್ಟು, ಎರಡೂ ಬದಿಗೆ ಕೋಲು ಕೊಟ್ಟು ಕಟ್ಟಿ. ಎಳೆದು ಸರಿ ಮಾಡಲು ಹೋಗಬೇಡಿ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

108ಕ್ಕೆ ಫೋನ್ ಮಾಡುವಾಗ ಜಾಗ ಸರಿಯಾಗಿ ಹೇಳಿ. ‘ಘಟ್ಟದಲ್ಲಿ’ ಅಂದರೆ ಸಾಲದು. ಯಾವ ಘಟ್ಟ, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಎಷ್ಟು, ಮೇಲೆ ಹೋಗುವ ಮಗ್ಗುಲಾ ಕೆಳಗಾ ಅಂತ ಹೇಳಿ. ನೆಟ್‌ವರ್ಕ್ ಇಲ್ಲದಿದ್ದರೆ ಹೋಗುವ ಬಸ್ಸಿನ ಕಂಡಕ್ಟರಿಗೆ ಈ ವಿವರ ಬರೆದು ಕೊಡಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಆದರೂ ದೊಡ್ಡ ಗಾಯಗಳನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾಗುತ್ತದೆ ಅನ್ನುವುದು ಜಿಲ್ಲೆಯವರಿಗೆಲ್ಲ ಗೊತ್ತು. ಹಾಗಾಗಿ ಮೊದಲ ಅರ್ಧ ಗಂಟೆ ಹಾಳಾಗಬಾರದು.

ಪೊಲೀಸ್ ಕೇಸಿನ ತಲೆನೋವು ಬರುತ್ತದೆ ಅಂತ ಹಿಂದೆ ಸರಿಯಬೇಡಿ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಸೆಕ್ಷನ್ ಪ್ರಕಾರ, ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ. ನಿಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ.